ನೀಲಾಳ ಟ್ಯೂಬು, ನನ್ನ ಹೊಟ್ಟೆಕಿಚ್ಚು

ನೀಲಾಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇದನ್ನು ಮುಚ್ಚಿಟ್ಟು ನನ್ನ ನೌಕರಿಯ ಕಥೆ ಹೇಳಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಈಗ ದವಾಖಾನೆಯ ಔಷಧಿ ಕಿಂಡಿಯಲ್ಲಿ ಹೊಸದಾಗಿ ಕೂರುತ್ತಿರುವ ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ಅಕ್ಕಾರ, ಗುಳಿಗಿ ಕೊಡೂದು ತಿಳಿತೈತ್ರಿ. ಚರ್ಮಕ್ಕ ಹಚ್ಚೂ ಮುಲಾಮು ಕೊಡೂ ಮುಂದ ಭಾಳ ಅಂಜಿಕಿ ಬರತೈತಿ. ಕೆಲವರು ವಿಷ ಅಂತಾರ, ಕೆಲವರು ಅಮೃತ ಅಂತಾರ. ನೀವು ನೋಡಿದ್ದು ಬರದು ಕೊಡ್ರಿ" ಎಂದರು. ಬರೆಯುತ್ತೇನೆ, ಆದರೆ ನೀಲಾಳನ್ನು ಬಿಟ್ಟು ಬರೆಯಲಾರೆ.

ನಾನು ಸುಶೀಲಾ. ನೀಲಾ ಮತ್ತು ನಾನು ಬಾಗಲಕೋಟೆಯಲ್ಲಿ ಫಾರ್ಮಸಿ ಡಿಪ್ಲೊಮಾ ಓದುವಾಗ ಒಂದೇ ಕೋಣೆಯಲ್ಲಿದ್ದವರು. ಒಂದೇ ಎಣ್ಣೆ ಬಾಟಲಿ, ಒಂದೇ ಕನ್ನಡಿ. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದವು. ಸರ್ಕಾರಿ ನೌಕರಿ ಸಿಕ್ಕಿದ್ದೂ ನನಗೇ. ಅವಳು ಇಳಕಲ್ಲಿನ ಮೆಡಿಕಲ್ ಅಂಗಡಿಯ ಮನೆತನಕ್ಕೆ ಸೊಸೆಯಾಗಿ ಹೋದಳು. ಆಗ ನಾನು ಅವಳ ಮೇಲೆ ಮರುಕಪಟ್ಟಿದ್ದೆ. ಪಾಪ, ಇಷ್ಟು ಓದಿ ಅಂಗಡಿ ಗಲ್ಲೆಯ ಹಿಂದೆ ನಿಲ್ಲಬೇಕಾಯಿತಲ್ಲ ಎಂದು. ಮುಂದೆ ಆ ಮರುಕವೇ ತಿರುಗಿ ನನ್ನ ಹೊಟ್ಟೆಯಲ್ಲಿ ಕೂತಿತು. ಮೂಲವ್ಯಾಧಿಯಂತೆ ಅದನ್ನು ಯಾರಿಗೂ ಹೇಳಲಾಗದೆ ವರ್ಷಗಟ್ಟಲೆ ಅನುಭವಿಸಿದೆ.

ಮೊದಲು ಕೆಲಸ ಕಲಿತದ್ದು ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ. ಆಗ ನಮ್ಮಲ್ಲಿ ಮುಲಾಮು ಟ್ಯೂಬಿನಲ್ಲಿ ಬರುತ್ತಿದ್ದದ್ದು ಕಡಿಮೆ. ದೊಡ್ಡ ಡಬ್ಬಿ ಬರುತ್ತಿತ್ತು. ನಾವು ಚಪ್ಪಟೆ ಕಡ್ಡಿಯಿಂದ ಅದನ್ನು ಬಳಿದು ಕಾಗದದ ಮೇಲೋ, ರೋಗಿ ತಂದ ಡಬ್ಬಿಯಲ್ಲೋ ಹಾಕಿ ಕೊಡುತ್ತಿದ್ದೆವು. ಹೆಂಗಸರು ಮನೆಯ ಹಳೆಯ ಕುಂಕುಮದ ಡಬ್ಬಿ ತರುತ್ತಿದ್ದರು. ತುರಿಕಜ್ಜಿಗೆ ಕೊಟ್ಟದ್ದೂ ಅದರಲ್ಲೇ, ಹಿಮ್ಮಡಿ ಒಡೆದದ್ದಕ್ಕೆ ಕೊಟ್ಟದ್ದೂ ಅದರಲ್ಲೇ, ಸ್ಟಿರಾಯ್ಡ್ ಮುಲಾಮೂ ಅದರಲ್ಲೇ. ಎಲ್ಲವೂ ಬೆಳ್ಳಗೆ, ಎಲ್ಲವೂ ಜಿಡ್ಡು. ಡಬ್ಬಿಯ ಮೇಲೆ ಒಂದಕ್ಷರ ಇರುತ್ತಿರಲಿಲ್ಲ.

ಒಬ್ಬ ಮುದುಕನ ಪಾದದ ಮೇಲೆ ವರ್ಷಗಳ ಇಸಬು ಇತ್ತು. ತುರಿಸಿ ತುರಿಸಿ ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿತ್ತು. ಡಾಕ್ಟರು ಅದಕ್ಕೆ ತಕ್ಕ ಜೋರಿನ ಸ್ಟಿರಾಯ್ಡ್ ಬರೆದರು. ನಾನು ಅವನ ಡಬ್ಬಿಗೆ ತುಂಬಿ, "ದಿನಾ ಎರಡು ಸಲ ಹಚ್ಕೋರಿ" ಎಂದೆ. ಮುದುಕನಿಗೆ ವಾಸಿಯಾಯಿತು. ಡಬ್ಬಿಯಲ್ಲಿ ಅರ್ಧ ಉಳಿಯಿತು. ಮುದುಕನ ಸೊಸೆಗೆ ಎಂಟು ತಿಂಗಳ ಕೂಸು. ಕೂಸಿನ ಕುಂಡಿ ಕೆಂಪಾಗಿತ್ತು. ಮಾವನ ಕಾಲನ್ನೇ ಮೆತ್ತಗೆ ಮಾಡಿದ ಮದ್ದಲ್ಲವೇ ಎಂದು ಆಕೆ ಅದನ್ನೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿ, ವಾರಗಟ್ಟಲೆ ಇಟ್ಟಳು. ದವಾಖಾನೆಗೆ ತಂದಾಗ ಆ ಜಾಗದ ಚರ್ಮ ಉಳ್ಳಾಗಡ್ಡಿ ಪೊರೆಯಷ್ಟು ತೆಳ್ಳಗಾಗಿ ನೀಲಿ ನರಗಳು ಕಾಣುತ್ತಿದ್ದವು.

ಅಲ್ಲಿಯ ಡಾಕ್ಟರು ಭಾರಿ ಸಿಡುಕು ಮನುಷ್ಯ. ಹೊರಗೆ ಮಂದಿ ಕೂತಿರುವಾಗಲೇ ನನ್ನನ್ನು ಕರೆದು ಆ ಕುಂಕುಮದ ಡಬ್ಬಿಯನ್ನು ಮುಖದ ಮುಂದೆ ಹಿಡಿದರು.

"ಇದಕ್ಕ ಬಾಯಿ ಐತೇನವಾ?"

"ಇಲ್ರಿ ಸರ್."

"ಮತ್ತ 'ನಾ ಮುದುಕನ ಕಾಲಿನ ಔಷಧಿ, ಕೂಸಿಗಿ ಹಚ್ಚಬ್ಯಾಡ್ರಿ' ಅಂತ ಇದು ಹೆಂಗ ಹೇಳಬೇಕು? ಹೇಳಬೇಕಾದಾಕಿ ನೀ!"

ಅತ್ತೆ. ಖರೇ ಹೇಳುತ್ತೇನೆ, ಕಿಂಡಿಯ ಹಿಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮುಲಾಮು ನಿಲ್ಲಿಸಿ, ಆ ಡಾಕ್ಟರು ಹೇಳಿದಂತೆ ನಡೆದು, ಕೂಸು ನಿಧಾನವಾಗಿ ಹುಷಾರಾಯಿತು. ಆವತ್ತಿನಿಂದ ನಾನು ಕಾಗದದ ಪಟ್ಟಿ ಕತ್ತರಿಸಿ ಅಂಟು ಹಚ್ಚಿ ಪ್ರತಿ ಡಬ್ಬಿಗೂ ಅಂಟಿಸಿದೆ. ಯಾರಿಗೆ, ಮೈಯ ಯಾವ ಜಾಗಕ್ಕೆ, ಎಷ್ಟು ದಿನ. ಓದಲು ಬಾರದವರಿಗೆ ಪಾದದ ಚಿತ್ರ, ಮೊಣಕೈ ಚಿತ್ರ ಬರೆದೆ. ನನ್ನ ಪಾದದ ಚಿತ್ರ ಬದನೆಕಾಯಿಯಂತಿತ್ತು ಎಂದು ನರ್ಸುಗಳು ನಗುತ್ತಿದ್ದರು. ನಕ್ಕರೆ ನಗಲಿ ಎಂದುಕೊಂಡೆ.

ಎಷ್ಟು ಹಚ್ಚಬೇಕು ಎಂಬುದನ್ನು ಮಾತ್ರ ಬಹಳ ತಡವಾಗಿ ಕಲಿತೆ. "ಸ್ವಲ್ಪ ಹಚ್ರಿ" ಎಂದರೆ ಒಬ್ಬರು ಸಾಸಿವೆಯಷ್ಟು ಹಚ್ಚುತ್ತಾರೆ, ಇನ್ನೊಬ್ಬರು ರೊಟ್ಟಿಗೆ ಬೆಣ್ಣೆ ಸವರಿದಂತೆ ಬಳಿಯುತ್ತಾರೆ. ಬಾಗಲಕೋಟೆಯಲ್ಲಿ ನಡೆದ ಒಂದು ತರಬೇತಿಯಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರು ನನ್ನ ತೋರುಬೆರಳು ಹಿಡಿದು, ತುದಿಯಿಂದ ಮೊದಲ ಗೆರೆಯವರೆಗೆ ಪೆನ್ನಿನಿಂದ ಎಳೆದರು. ಟ್ಯೂಬಿನಿಂದ ಅಷ್ಟುದ್ದ ಹಿಂಡಿದರೆ, ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು ಎಂದರು. ಮನೆಗೆ ಬಂದು ಹಲ್ಲುಜ್ಜುವ ಪೇಸ್ಟು ಹಿಂಡಿಕೊಂಡು ಅಭ್ಯಾಸ ಮಾಡಿದೆ. ನಮ್ಮ ಯಜಮಾನರು, "ಪೇಸ್ಟ್ ಕೈಗಿ ಯಾಕ ಹಚ್ಚಾಕತ್ತೀ, ತಲಿ ಕೆಟ್ಟೈತೇನು?" ಎಂದು ಕೇಳಿದರು.

ಅಲ್ಲಿಂದ ಬಾದಾಮಿಯ ಕಡೆಗೆ ವರ್ಗವಾಯಿತು. ಅಲ್ಲಿ ಗಂಗವ್ವ ಎಂಬಾಕೆ ಬರುತ್ತಿದ್ದಳು. ಬನಶಂಕರಿ ಗುಡಿಯ ಹೊರಗೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು ಇಟ್ಟುಕೊಂಡು ಯಾತ್ರಿಕರಿಗೆ ಊಟ ಹಾಕುವ ಹೆಂಗಸು. ಸೀರೆ ಕಟ್ಟುವ ಸೊಂಟದ ಸುತ್ತ ಹುಳಕಡ್ಡಿ ಎದ್ದಿತ್ತು. ಬಿಸಿಲು, ಬೆವರು, ಬಿಗಿಯಾದ ಲಂಗದ ಲಾಡಿ. ಅಲ್ಲಿ ಹುಳಕಡ್ಡಿ ಏಳದಿದ್ದರೇ ಆಶ್ಚರ್ಯ. ಆದರೆ ನಾನು ನೋಡುವ ಹೊತ್ತಿಗೆ ಅದು ಹುಳಕಡ್ಡಿಯಂತೆಯೇ ಇರಲಿಲ್ಲ. ದುಂಡನೆಯ ಅಂಚು ಕಳೆದುಹೋಗಿ, ಬೆನ್ನು, ಹೊಟ್ಟೆ, ತೊಡೆ ಎಲ್ಲ ಕಡೆ ನಕಾಶೆ ಬಿಡಿಸಿದಂತೆ ಹರಡಿತ್ತು.

"ಏನ್ ಹಚ್ಚಿದಿ ಗಂಗವ್ವಾ?"

"ಟೂಬ್ ಹಚ್ಚೀನ್ರಿ ಅಕ್ಕಾರ. ಹಚ್ಚಿದ ಎರಡ ದಿನಕ್ಕ ತುರಿಕಿ ಗಪ್ ಆಗತೈತ್ರಿ. ಬಿಟ್ನೆಂದ್ರ ಮತ್ತ ಏಳತೈತಿ. ಇಳಕಲ್ದಾಗ ನನ್ನ ತವರುಮನಿ ಐತ್ರಿ. ಅಲ್ಲೆ ನೀಲಕ್ಕ ಕೊಟ್ಟಾಳ. ಭಾಳ ಛಲೋ ಹೆಣಮಗಳ್ರಿ, ನನ್ನ ಮಗಳ ಬಾಣಂತನದಾಗ ಎಷ್ಟು ಸಹಾಯ ಮಾಡ್ಯಾಳ!"

ಆ ಟ್ಯೂಬಿನಲ್ಲಿ ಹುಳಕಡ್ಡಿಯ ಮದ್ದೂ ಇತ್ತು, ಜೊತೆಗೆ ಜೋರಿನ ಸ್ಟಿರಾಯ್ಡೂ ಇತ್ತು. ಸ್ಟಿರಾಯ್ಡು ಕೆಂಪು ಇಳಿಸುತ್ತದೆ, ತುರಿಕೆ ಇಳಿಸುತ್ತದೆ. ಹುಳಕಡ್ಡಿಗೋ ಅದು ಊಟ ಹಾಕಿ ಸಾಕಿದಂತೆ. ಒಳಗೊಳಗೇ ಹರಡುತ್ತದೆ. ಇದನ್ನೆಲ್ಲ ಗಂಗವ್ವನಿಗೆ ತಿಳಿಸಿ ಹೇಳಿದೆ, ಡಾಕ್ಟರ ಹತ್ತಿರ ಕಳಿಸಿದೆ, ಬರೀ ಹುಳಕಡ್ಡಿಯ ಮದ್ದಿನಿಂದ ವಾಸಿಯಾಗಲು ತಿಂಗಳುಗಳೇ ಹಿಡಿದವು. ಆದರೆ ಆ ದಿನ ನನ್ನ ತಲೆಯಲ್ಲಿ ಕೂತದ್ದು ಹುಳಕಡ್ಡಿಯಲ್ಲ, "ನೀಲಕ್ಕ" ಎಂಬ ಹೆಸರು. ಅಷ್ಟು ದೂರದ ಬನಶಂಕರಿಯಲ್ಲಿ ರೊಟ್ಟಿ ಮಾರುವಾಕೆಯ ಬಾಯಲ್ಲೂ ಅವಳ ಹೆಸರು! ನಾನು ಮೂರು ವರ್ಷದಿಂದ ಅಲ್ಲೇ ಇದ್ದೆ. ಗಂಗವ್ವನಿಗೆ ನನ್ನ ಹೆಸರು ಗೊತ್ತಿರಲಿಲ್ಲ.

ನಂತರ ಇಳಕಲ್ಲಿಗೇ ವರ್ಗವಾಯಿತು. ದೇವರು ನನ್ನನ್ನು ಪರೀಕ್ಷೆ ಮಾಡಲೆಂದೇ ಹಾಕಿದನೋ ಏನೋ, ನಮ್ಮ ದವಾಖಾನೆಯ ಗೇಟಿನೆದುರಿಗೇ ನೀಲಾಳ ಅಂಗಡಿ. ನನ್ನ ಕಿಂಡಿ ಕೈ ತೂರುವಷ್ಟು. ಅದರ ಮೂಲಕ ನನಗೆ ಕಾಣುತ್ತಿದ್ದದ್ದು ಮಂದಿಯ ಮೂಗು, ಚೀಟಿ, ಮತ್ತು ರಸ್ತೆಯಾಚೆ ನೀಲಾ. ಅವಳ ಅಂಗಡಿಯ ಮುಂದೆ ಕೂರಲು ಬಾಕು, ಕುಡಿಯಲು ಗಡಿಗೆಯ ನೀರು. ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುವಳು. "ಬಾರವಾ, ಮಗಳ ನೋಡಾಕ ಬಂದವ್ರು ಏನಂದ್ರು?" ಮಂದಿ ನನ್ನ ಕಿಂಡಿಯಲ್ಲಿ ಪುಕ್ಕಟೆ ಗುಳಿಗೆ ತಗೊಂಡು, ಅದು ಹೇಗೆ ನುಂಗಬೇಕೆಂದು ಅವಳ ಹತ್ತಿರ ಹೋಗಿ ಕೇಳುತ್ತಿದ್ದರು! ನಾನು ಹೇಳಿದ್ದನ್ನೇ ಅವಳು ಹೇಳುವಳು. ಆಗ ತಲೆಯಾಡಿಸುವರು. ಅವಳು ಊರಿಗೆಲ್ಲ ನೀಲಕ್ಕ. ನಾನು "ಗುಳಿಗಿ ಅಕ್ಕಾರ".

ನನ್ನ ಮೈ ಉರಿಯುತ್ತಿತ್ತು. ಉರಿಯುತ್ತಿತ್ತು ಎಂದರೆ ಸಾಲದು. ಬೆಳಿಗ್ಗೆ ಅವಳು ಶಟರ್ ಎತ್ತುವ ಸಪ್ಪಳ ಕೇಳಿದರೆ ನನಗೆ ಚಹಾ ಕಹಿಯಾಗುತ್ತಿತ್ತು.

ಹಾಗೆಂದು ನನ್ನ ದೂರೆಲ್ಲ ಸುಳ್ಳಲ್ಲ. ಅವಳು ಚೀಟಿ ಇಲ್ಲದೆ ಟ್ಯೂಬು ಕೊಡುತ್ತಿದ್ದಳು. ತುರಿಕೆ ಎಂದರೂ ಅದೇ, ಮೊಡವೆ ಎಂದರೂ ಅದೇ, ಮುಖ ಬೆಳ್ಳಗಾಗಬೇಕು ಎಂದರೂ ಅದೇ. ಒಮ್ಮೆ ಅಂಗಡಿಗೇ ಹೋಗಿ ಜಗಳ ತೆಗೆದೆ.

"ನೀಲಾ, ನೀ ಓದಿದಾಕಿ. ಮಾರಿಗಿ ಅಂಥಾ ಜೋರಿಂದು ಕೊಡಬಾರ್ದು ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತೆ. ಬ್ಯಾಡ ಅಂದ್ರ ಮುಂದಿನ ಅಂಗಡ್ಯಾಗ ತಗೋತಾರ. ನಾ ಕೊಟ್ರ ಎಂಟ ದಿನಕ್ಕ ನಿಲ್ಲಸ್ರಿ ಅಂತಾದ್ರೂ ಹೇಳ್ತೇನಿ."

"ನಿಲ್ಲಸ್ತಾರೇನು?"

ನೀಲಾ ನಕ್ಕು, "ಚಹಾ ಕುಡಿತೀಯೇನು?" ಎಂದಳು. ಅವಳು ಹಾಗೆ ನಕ್ಕಿದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಂದಿನಿಂದ ಕಿಂಡಿಗೆ ಬಂದವರಿಗೆಲ್ಲ ನಾನು ಒಂದೇ ಹಾಡು ಹಾಡಿದೆ. ಆ ಅಂಗಡಿಯ ಟ್ಯೂಬು ಹಚ್ಚಬೇಡಿ, ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಏಳುತ್ತವೆ, ಹುಳಕಡ್ಡಿ ಹರಡುತ್ತದೆ. ಮಂದಿ ಮಂದಿಯೇ. ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರನ್ನೊಬ್ಬರು ತಿವಿದು, ನನಗೆ ಕೇಳುವಂತೆಯೇ ಅನ್ನುತ್ತಿದ್ದರು: "ಗುಳಿಗಿ ಅಕ್ಕಾರಿಗಿ ನೀಲಕ್ಕನ ಮ್ಯಾಲ ಹೊಟ್ಟಿಕಿಚ್ಚ ನೋಡವಾ!" ಅದು ನಿಜವೇ ಆಗಿತ್ತು. ನಾನು ಹೇಳಿದ ಮಾತೂ ನಿಜವಾಗಿತ್ತು. ಎರಡೂ ಒಂದೇ ಬಾಯಿಂದ ಬರುತ್ತಿದ್ದವು.

ಕವಿತಾ ಎಂಬ ಹುಡುಗಿ ಮದುವೆ ಗೊತ್ತಾದ ಮೇಲೆ ಬಣ್ಣ ತಿಳಿಯಾಗಲೆಂದು ಆ ಟ್ಯೂಬನ್ನು ದಿನವೂ ಮುಖಕ್ಕೆ ಹಚ್ಚಿದಳು. ಮೊದಲ ತಿಂಗಳು ಮುಖ ಹಾಲಿನಂತಾಯಿತು. ಊರವರೆಲ್ಲ ನೀಲಕ್ಕನ ಟ್ಯೂಬಿನ ಗುಣ ಎಂದರು. ಆರು ತಿಂಗಳಾಗುವಾಗ ಕೆನ್ನೆಯ ಮೇಲೆ ಕೆಂಪು ಜೇಡರ ಬಲೆಯಂತೆ ನರಗಳು, ಗದ್ದದ ಮೇಲೆ ಗಂಡಸರಂತೆ ಕೂದಲು, ಬಿಸಿಲಿಗೆ ಹೋದರೆ ಒಲೆಯ ಮುಂದೆ ಕೂತಂತೆ ಉರಿ. ಒಂದು ದಿನ ಬಿಟ್ಟರೆ ಮುಖವೆಲ್ಲ ಗುಳ್ಳೆ. ಓಢಣಿಯಿಂದ ಮುಖ ಮುಚ್ಚಿಕೊಂಡು ನನ್ನ ಕಿಂಡಿಗೆ ಬಂದು ಓಢಣಿ ತೆಗೆದಳು.

ಅವಳ ಮುಖ ನೋಡಿ ನನಗೆ ಖುಷಿಯಾಯಿತು. ಮರೆಮಾಚಿ ಏನು ಪ್ರಯೋಜನ? ಇಪ್ಪತ್ತೊಂದು ವರ್ಷದ ಹುಡುಗಿ ಅಳುತ್ತ ನಿಂತಿದ್ದಾಳೆ, ನನ್ನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಈಗ ಗೊತ್ತಾಗಲಿ ಊರಿಗೆ! ಮರುಕ್ಷಣ ನನಗೇ ಅಸಹ್ಯವಾಯಿತು. ಅವಳನ್ನು ಬಾಗಲಕೋಟೆಯ ಚರ್ಮದ ಡಾಕ್ಟರಿಗೆ ಕಳಿಸಿದೆ. ಅಷ್ಟು ದಿನ ಹಚ್ಚಿದ್ದನ್ನು ಥಟ್ಟನೆ ನಿಲ್ಲಿಸಿದರೆ ಉರಿ ದುಪ್ಪಟ್ಟಾಗುತ್ತದೆಂದು ಅವರು ಹಂತಹಂತವಾಗಿ ಬಿಡಿಸಿದರು. ಬಹಳ ತಿಂಗಳು ಹಿಡಿಯಿತು. ಇಷ್ಟಾದರೂ ಊರವರು ನೀಲಾಳನ್ನು ಬೈಯಲಿಲ್ಲ. ಹುಡುಗಿಯೇ ಹೆಚ್ಚು ದಿನ ಹಚ್ಚಿಕೊಂಡಳು ಅಂದರು.

ಇನ್ನು ರೇಣವ್ವನ ವಿಷಯ. ಇಲ್ಲಿಯವರೆಗೆ ಬರೆದದ್ದು ಕಲಿಯಲು. ಇದು ನಾನು ಮಾಡಿದ್ದು.

ರೇಣವ್ವ ನೇಕಾರರ ಮನೆಯೊಂದರಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಮಗಳು ಭಾಗ್ಯಾಳಿಗೆ ಐದು ವರ್ಷ. ಹುಟ್ಟಿದಾಗಿನಿಂದ ಇಸಬು. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ, ಕುತ್ತಿಗೆಯಲ್ಲಿ ಕೆಂಪಾಗಿ ಒಡೆದು ರಸಿಕೆ ಬರುತ್ತಿತ್ತು. ತುರಿಕೆಯಿಂದ ಮಗು ನಿದ್ದೆ ಮಾಡುತ್ತಿರಲಿಲ್ಲ, ಅಂಗನವಾಡಿಯಲ್ಲಿ ಬೇರೆ ಮಕ್ಕಳು ಅಂಟುರೋಗವೆಂದು ದೂರ ಕೂರುತ್ತಿದ್ದರು. ಅಂಟುವುದಿಲ್ಲ ಅದು, ಆದರೆ ಯಾರು ಕೇಳಬೇಕು? ರೇಣವ್ವ ಒಂದು ದಿನ ತುರಿಕೆಯ ಸಿರಪ್ಪಿಗೆಂದು ನನ್ನ ಕಿಂಡಿಗೆ ಬಂದಳು. ಮಗುವಿನ ಕೈ ನೋಡಿದೆ. ಹಿಂದೆ ನೋಡಿದ್ದಕ್ಕಿಂತ ಎಷ್ಟೋ ನುಣುಪಾಗಿತ್ತು.

"ಏನ್ ಹಚ್ಚಾಕತ್ತೀ?"

ಅವಳು ಚೀಲದಿಂದ ಟ್ಯೂಬು ತೆಗೆದಳು. ಅದರ ಸುತ್ತ ನೀಲಾಳ ಅಂಗಡಿಯ ಕವರು. ಟ್ಯೂಬಿನ ಮೇಲೆ ಸ್ಟಿರಾಯ್ಡಿನ ಹೆಸರು. ಅಷ್ಟೇ ಸಾಕಾಯಿತು ನನಗೆ.

"ಸಣ್ಣ ಕೂಸಿಗಿ ಇದನ್ನ ಹಚ್ಚಾಕತ್ತೀಯೇನು? ಇದು ವಿಷ ಐತಿ, ವಿಷ! ಕವಿತಾನ ಮಾರಿ ನೋಡೀಯಿಲ್ಲ? ಇವತ್ತ ಒಗದ ಬಿಡು."

"ಅಕ್ಕಾರ, ಬಾಗಲಕೋಟಿ ಡಾಕ್ಟರ..."

"ಯಾವ ಡಾಕ್ಟರೂ ಇಲ್ಲ, ಗೀಕ್ಟರೂ ಇಲ್ಲ. ಒಗಿ ಅಂದ್ನೆಲ್ಲ! ಹಿಂದಿನವರು ಬರ್ರಿ."

ಅವಳ ಚೀಲದಲ್ಲಿ ಚೀಟಿ ಇತ್ತು. ನಾನು ಕೇಳಲಿಲ್ಲ. ಕೇಳುವುದು ನನ್ನ ಕೆಲಸ. ಇಷ್ಟು ವರ್ಷ ಕೇಳುತ್ತಲೇ ಬಂದಿದ್ದೆ. ಆ ಒಂದು ಸಲ ಕವರು ನೋಡಿದೆ, ಚೀಟಿ ನೋಡಲಿಲ್ಲ.

ಆ ಚೀಟಿಯಲ್ಲಿ ಬರೆದದ್ದು ಇಷ್ಟು. ಮೈಗೆ ಮಧ್ಯಮ ಜೋರಿನ ಮುಲಾಮು, ಕೆಂಪಾದ ಜಾಗಕ್ಕೆ ಮಾತ್ರ, ದಿನಕ್ಕೆ ಎರಡು ಸಲ, ಚರ್ಮ ನುಣುಪಾಗುವವರೆಗೆ. ಆಮೇಲೆ ಮತ್ತೆ ಏಳದಿರಲೆಂದು ವಾರಕ್ಕೆ ಎರಡು ದಿನ. ಕುತ್ತಿಗೆಗೆ ಮೆದು ಮುಲಾಮು ಬೇರೆ. ಸ್ನಾನವಾದ ಕೂಡಲೇ ಮತ್ತು ದಿನಕ್ಕೆ ಹಲವು ಸಲ ಮೈಗೆಲ್ಲ ಜಿಡ್ಡಿನ ಕ್ರೀಮು. ತಿಂಗಳಿಗೊಮ್ಮೆ ಬಂದು ತೋರಿಸುವುದು. ಇದಕ್ಕಿಂತ ಚೊಕ್ಕ ಚೀಟಿ ನಾನು ನೋಡಿಲ್ಲ. ನೀಲಾ ಅದನ್ನು ರೇಣವ್ವನಿಗೆ ಓದಿ ಹೇಳಿ, ಟ್ಯೂಬಿನ ಪೆಟ್ಟಿಗೆಯ ಮೇಲೆ ವಾರದ ದಿನಗಳನ್ನು ಬರೆದು ಕೊಟ್ಟಿದ್ದಳಂತೆ.

ಹನ್ನೆರಡು ದಿನಕ್ಕೆ ಭಾಗ್ಯಾಳನ್ನು ಅವಳ ಅಪ್ಪ ಹೆಗಲ ಮೇಲೆ ಹಾಕಿಕೊಂಡು ಓಡಿಬಂದ. ಜ್ವರದಿಂದ ಮೈ ಕೆಂಡ. ಕೈ, ಕಾಲು, ಕುತ್ತಿಗೆ ಎಲ್ಲ ಕಡೆ ಕೀವು, ಹಳದಿ ಹಕ್ಕಳೆ. ತುರಿಸಿ ತುರಿಸಿ ಉಗುರಿನಲ್ಲಿ ರಕ್ತ. ಬಟ್ಟೆ ಮೈಗೆ ಅಂಟಿತ್ತು. ನಮ್ಮ ಯುವ ಡಾಕ್ಟರು ನೋಡಿ, ಸೋಂಕು ಏರಿದೆ, ಈಗಲೇ ಬಾಗಲಕೋಟೆಗೆ ಒಯ್ಯಿರಿ ಎಂದು ಆಂಬುಲೆನ್ಸಿಗೆ ಫೋನು ಮಾಡಿಸಿದರು.

ಹಿಂದೆಯೇ ಬಂದ ರೇಣವ್ವ ತೋರಿಸಿದ ಚೀಟಿ ಓದಿ ಕೇಳಿದರು: "ಮುಲಾಮು ಯಾಕ ನಿಲ್ಲಿಸಿದ್ರಿ?"

ರೇಣವ್ವ ನನ್ನ ಕಿಂಡಿಯ ಕಡೆ ಕೈ ತೋರಿಸಿದಳು. "ಗುಳಿಗಿ ಅಕ್ಕಾರ ಒಗಿ ಅಂದ್ರ್ರಿ."

ಡಾಕ್ಟರು ಕಿಂಡಿಯವರೆಗೆ ನಡೆದು ಬಂದರು. ನನ್ನ ಮಗನ ವಯಸ್ಸಿನವರು. ಬೈಯಲಿಲ್ಲ. "ಅಕ್ಕಾರ, ಚೀಟಿ ನೋಡಿದ್ರ್ಯಾ?" ಎಂದು ಮಾತ್ರ ಕೇಳಿದರು. ನಾನು ಇಲ್ಲ ಎಂದೆ. ಅವರು ವಾಪಸು ಹೋದರು. ಹುನಗುಂದದ ಆ ಸಿಡುಕು ಡಾಕ್ಟರು ಇದ್ದಿದ್ದರೆ ನಾಲ್ಕು ಬೈದು ನನ್ನ ಭಾರ ಇಳಿಸುತ್ತಿದ್ದರು.

ಆಮೇಲೂ ನನ್ನ ಬುದ್ಧಿ ನೋಡಿ. ಆಂಬುಲೆನ್ಸ್ ಹೋದ ಮೇಲೆ ಕೂತು ನಾನು ಯೋಚಿಸಿದ್ದೇನು ಗೊತ್ತೇ? ನೀಲಾ ತಪ್ಪು ಟ್ಯೂಬು ಕೊಟ್ಟಿರಬಹುದು, ಅವಧಿ ಮುಗಿದದ್ದು ಕೊಟ್ಟಿರಬಹುದು, ಹೇಗಾದರೂ ಮಾಡಿ ಇದರಲ್ಲಿ ಅವಳದೊಂದು ತಪ್ಪು ಇರಬಾರದೇ ಎಂದು. ರಸ್ತೆ ದಾಟಿ ಹೋಗಿ ಚೀಟಿ ತೋರಿಸು ಎಂದೆ. ಅವಳು ಅದರ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದಳು. ಅಕ್ಷರ ಅಕ್ಷರ ಓದಿದೆ. ಅವಳದು ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಫೋನನ್ನು ಅವಳ ಗಲ್ಲೆಯ ಮೇಲಿಟ್ಟು ರಸ್ತೆ ದಾಟಿ ವಾಪಸು ಬಂದೆ.

ಭಾಗ್ಯಾ ಒಂಬತ್ತು ದಿನ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು. ಸೋಂಕು ಇಳಿಯಿತು. ಅದೇ ಮುಲಾಮನ್ನು ಮತ್ತೆ ಬರೆದು ಮನೆಗೆ ಕಳಿಸಿದರು. ನಾನು ದಿನವೂ ಅವಳ ಸುದ್ದಿ ಕೇಳುತ್ತಿದ್ದೆ, ಕೇಳಲು ಇದ್ದದ್ದು ನೀಲಾಳ ಹತ್ತಿರವೇ. ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಕಿಂಡಿಯಲ್ಲಿ ಚೀಟಿಗೆಂದು ಕೈ ಚಾಚಿದರೆ ಚೀಟಿ ಬರಲಿಲ್ಲ. ಬಗ್ಗಿ ನೋಡಿದೆ. ಸಾಲಿನಲ್ಲಿ ನೀಲಾ ನಿಂತಿದ್ದಳು.

"ಸುಶೀಲಾ, ಹೊರಗ ಬಾ. ರೇಣವ್ವ ಮುಲಾಮು ಹಚ್ಚವಲ್ಲಳು."

"ಯಾಕ?"

"ಟೂಬ್ ಕೈಯಾಗ ಹಿಡದು ಕೂಡ್ತಾಳ, ಮತ್ತ ಇಡತಾಳ. ಕೂಸಿನ ಮೊಣಕೈ ಮತ್ತ ಕೆಂಪಾಗೇತಿ. ಡಾಕ್ಟರು ಹೇಳಿದ್ರು, ನಾ ಹೇಳಿದ್ನಿ. ಕೇಳವಲ್ಲಳು. ಸರ್ಕಾರಿ ಅಕ್ಕಾರ ವಿಷ ಅಂದಾರ ಅಂತಾಳ. ಹಿಂಗ ಬಿಟ್ರ ಹುಡಿಗಿ ಮತ್ತ ಬಾಗಲಕೋಟಿಗಿ ಹೋಗತೈತಿ. ವಿಷ ಅಂದಾಕಿ ನೀ. ನೀನ ಬಂದು ಹಚ್ಚು."

ಊಟದ ಬಿಡುವಿನಲ್ಲಿ ಇಬ್ಬರೂ ನಡೆದುಹೋದೆವು. ಮಗ್ಗದ ಓಣಿಯಲ್ಲಿ ಮನೆಮನೆಯಿಂದ ಲಾಳಿಯ ಸಪ್ಪಳ ಬರುತ್ತಿತ್ತು. ಅರ್ಧ ದಾರಿಯಲ್ಲಿ ನೀಲಾ ನನ್ನ ಕಡೆ ನೋಡದೆ ಅಂದಳು: "ಕವಿತಾಂದು ಆದಮ್ಯಾಲ ಚೀಟಿ ಇಲ್ಲದ ಆ ಟೂಬ್ ಕೊಡೂದು ಬಿಟ್ಟೇನಿ. ನೀ ಹೊಟ್ಟಿಕಿಚ್ಚಿಗಿ ಹೇಳತಿದ್ದಿ, ಗೊತ್ತಿತ್ತು. ಮಾತು ಖರೆ ಇತ್ತು, ಕೇಳಿದ್ನಿ."

"ನನಗ ಹೇಳಲಿಲ್ಲಲ್ಲ?"

"ಹೇಳಿದ್ರ ನೀ ಗೆದ್ದಂಗ ಆಗತಿತ್ತಲ್ಲ!" ಎಂದು ನಕ್ಕಳು. ಅವಳಿಗೂ ನನ್ನ ಮೇಲೆ ಏನೋ ಇತ್ತೆಂದು ಆಗ ಗೊತ್ತಾಯಿತು. ಅವಳದು ನಕ್ಕು ನುಂಗುವಷ್ಟು, ನನ್ನದು ಮಗುವಿನ ಮೈಗೆ ತಾಗುವಷ್ಟು.

ರೇಣವ್ವ ಹೊಸ್ತಿಲಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರೂ ಬಂದು ನಿಂತರು. ಅವರೆಲ್ಲರೂ ಎಂದಾದರೂ ನನ್ನ ಕಿಂಡಿಯ ಮುಂದೆ ನಕ್ಕವರೇ. ನಾನು ನೆಲದ ಮೇಲೆ ಕೂತೆ.

"ರೇಣವ್ವಾ, ಅವತ್ತ ನಾ ಹೇಳಿದ್ದು ತಪ್ಪು. ಇದು ವಿಷ ಅಲ್ಲ. ಚೀಟಿ ನೋಡದ ಅಂದ್ನಿ. ನೀಲಾನ ಮ್ಯಾಲಿನ ಸಿಟ್ಟಿಗಿ ಅಂದ್ನಿ."

ಬೈದರೆ ಸಾಕಪ್ಪ ಎನಿಸಿತು. ಅವಳು ಮಗುವಿನ ತಲೆ ಸವರುತ್ತ ಹೇಳಿದಳು: "ಅವತ್ತ ಸಂಜಿಕ ನೀಲಕ್ಕನ್ನ ಕೇಳಿದ್ನ್ರಿ. ಒಗೀಬ್ಯಾಡ, ಹಚ್ಚು ಅಂದ್ಲು. ಮಂದಿನೂ ಅಂದ್ರು, ಗುಳಿಗಿ ಅಕ್ಕಾರ ಹೊಟ್ಟಿಕಿಚ್ಚಿಗಿ ಅಂತಾರ, ಕೇಳಬ್ಯಾಡ ಅಂತ. ನಾ ಕೇಳಲಿಲ್ರಿ. ನೀವು ಓದಿದವ್ರು, ನಿಮಗ ನೀಲಕ್ಕಗಿಂತ ಹೆಚ್ಚು ತಿಳಿತೈತಿ ಅಂತ ಒಗದ ಬಿಟ್ನಿ."

ಬಾದಾಮಿಯಲ್ಲಿದ್ದ ದಿನಗಳಿಂದ ಯಾರಾದರೂ ಈ ಒಂದು ಮಾತು ಅನ್ನಲಿ ಎಂದು ನಾನು ಕಾದಿದ್ದೆ. ನಿಮಗೆ ನೀಲಕ್ಕಗಿಂತ ಹೆಚ್ಚು ತಿಳಿಯುತ್ತದೆ ಎಂದು. ಗಂಗವ್ವ ಅನ್ನಲಿಲ್ಲ, ಕವಿತಾ ಅನ್ನಲಿಲ್ಲ. ನಾನು ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ನಂಬಿದವಳು ಇಡೀ ಊರಲ್ಲಿ ಇವಳೊಬ್ಬಳೇ, ಅದೂ ನಾನು ತಪ್ಪು ಹೇಳಿದ ದಿನ. ಹೆಂಗಸರು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

ಕೈ ತೊಳೆದುಕೊಂಡೆ. ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗಿನ ಉದ್ದದ ಅರ್ಧದಷ್ಟು ಹಿಂಡಿದೆ. ಆ ಪುಟ್ಟ ಮಡಿಕೆಗಳಿಗೆ ಅಷ್ಟು ಸಾಕು. ಕೆಂಪಾದ ಕಡೆ ಚುಕ್ಕಿ ಇಟ್ಟು, ಕೂದಲು ಬೆಳೆದ ದಿಕ್ಕಿಗೆ ತೆಳ್ಳಗೆ ಸವರಿದೆ, ತಿಕ್ಕಲಿಲ್ಲ. ಜಿಡ್ಡಿನ ಕ್ರೀಮನ್ನು ಸ್ವಲ್ಪ ಹೊತ್ತು ಬಿಟ್ಟು ಹಚ್ಚು, ಎರಡನ್ನೂ ಕಲಸಬೇಡ ಎಂದೆ. ನುಣುಪಾದ ಮೇಲೆ ವಾರಕ್ಕೆ ಎರಡು ದಿನ ಮರೆಯಬೇಡ, ಹೆದರಿ ನಿಲ್ಲಿಸಬೇಡ, ಚೀಟಿಯಲ್ಲಿ ಇರುವುದಕ್ಕಿಂತ ಹೆಚ್ಚೂ ಹಚ್ಚಬೇಡ ಎಂದೆ. ಭಾಗ್ಯಾ ಉಸಿರು ಬಿಗಿಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಸಾವಿರಾರು ಮುಲಾಮು ಕೊಟ್ಟಿದ್ದೇನೆ, ಒಬ್ಬರ ಚರ್ಮಕ್ಕೆ ನಾನೇ ಹಚ್ಚಿದ್ದು ಅದೇ ಮೊದಲು.

ಹಚ್ಚಿ ಮುಗಿಸಿ ಟ್ಯೂಬನ್ನು ರೇಣವ್ವನ ಮುಂದೆ ಹಿಡಿದೆ. "ಸಂಜಿಕ ನೀ ಹಚ್ಚತೀಯಿಲ್ಲ?"

ಅವಳು ಟ್ಯೂಬು ತಗೊಳ್ಳಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ನಿಂತ ನೀಲಾಳನ್ನು ನೋಡಿದಳು.

"ನೀಲಕ್ಕಾ, ಅಕ್ಕಾರ ಹಚ್ಚಿದ್ದು ಬರೋಬ್ಬರಿ ಐತೇನ?"

"ಅಕಿನ್ನ ಕೇಳವಾ. ನನಗಿಂತ ಛಲೋ ಕಲಿತಾಕಿ ಅಕಿ" ಎಂದಳು ನೀಲಾ.

ರೇಣವ್ವ ನನ್ನನ್ನು ಕೇಳಲಿಲ್ಲ. ನೀಲಾಳ ಮುಖದಿಂದ ಕಣ್ಣು ತೆಗೆಯದೆ ಹಾಗೇ ಕೂತಳು. ನನ್ನ ಕೈ ಚಾಚಿಯೇ ಇತ್ತು. ನೀಲಾ ಒಮ್ಮೆ ನನ್ನನ್ನು ನೋಡಿ, ಅವಳಿಗೆ ಹೌದೆಂದು ತಲೆಯಾಡಿಸಿದಳು.

ಆಗ ರೇಣವ್ವ ನನ್ನ ಕೈಯಿಂದ ಟ್ಯೂಬು ತಗೊಂಡಳು.